ಬಂದದ್ದು ಯಾಕೆ, ಬಿಡಲಾಗದ್ದು ಯಾಕೆ: ಲೈಂಗಿಕ ವೃತ್ತಿಯೂ ಕಾನೂನೂ

ಲೈಂಗಿಕ ವೃತ್ತಿಯ ಮಾತು ಎಲ್ಲಿ ಎದ್ದರೂ ಮೊದಲು ಬರುವ ಪ್ರಶ್ನೆ ‘ಅವರು ಅದಕ್ಕೆ ಯಾಕೆ ಇಳಿಯುತ್ತಾರೆ?’ ಎಂಬುದು. ಕೇಳುವವರ ಹತ್ತಿರ ಸಾಮಾನ್ಯವಾಗಿ ಉತ್ತರವೂ ತಯಾರಿರುತ್ತದೆ. ಯಾರೋ ಮೋಸ ಮಾಡಿ ಕರೆತಂದು ಮಾರಿರಬೇಕು ಎಂದು ಕೆಲವರು. ಸುಲಭದ ದುಡ್ಡಿನ ರುಚಿ ಹತ್ತಿದೆ ಎಂದು ಇನ್ನು ಕೆಲವರು. ಇವನ್ನು ಬರೀ ಹರಟೆಯ ಮಾತು ಎಂದು ಬಿಟ್ಟುಬಿಡುವಂತಿಲ್ಲ. ದೇಶದೇಶಗಳ ಕಾನೂನುಗಳು ನಿಂತಿರುವುದೇ ಈ ಎರಡು ಉತ್ತರಗಳ ಮೇಲೆ. ಮೊದಲನೆಯದನ್ನು ನಂಬಿದ ಸರ್ಕಾರ ಆ ಹೆಂಗಸನ್ನು ರಕ್ಷಣೆಯ ಹೆಸರಿನಲ್ಲಿ ಪುನರ್ವಸತಿ ಕೇಂದ್ರದಲ್ಲಿ ಕೂಡಿಹಾಕುತ್ತದೆ. ಎರಡನೆಯದನ್ನು ನಂಬಿದ ಸರ್ಕಾರ ಶಿಕ್ಷೆಯ ಹೆಸರಿನಲ್ಲಿ ಜೈಲಿನಲ್ಲಿ ಕೂಡಿಹಾಕುತ್ತದೆ. ಅವಳ ಕಡೆಯಿಂದ ನೋಡಿದರೆ, ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿರುವುದಂತೂ ಎರಡೂ ಕಡೆ ನಿಜ.

ಮುಂದೆ ಹೋಗುವ ಮೊದಲು ಒಂದು ಗೆರೆ ಎಳೆಯುತ್ತೇನೆ. ಮಕ್ಕಳ ವಿಷಯದಲ್ಲಿ ಚರ್ಚೆಯೇ ಇಲ್ಲ. ವಿಶ್ವಸಂಸ್ಥೆಯ 2000ದ ಪಲೆರ್ಮೊ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, 18 ತುಂಬದವರನ್ನು ಈ ಕೆಲಸಕ್ಕೆಂದು ಸಾಗಿಸಿದರೆ ಅಥವಾ ಇಟ್ಟುಕೊಂಡರೆ ಅದು ಮಾನವ ಕಳ್ಳಸಾಗಣೆ. ಮಗು ಒಪ್ಪಿತ್ತೋ ಇಲ್ಲವೋ ಎಂದು ಯಾರೂ ಕೇಳುವ ಹಾಗಿಲ್ಲ. ದೊಡ್ಡವರನ್ನು ಹೊಡೆದು, ಹೆದರಿಸಿ, ಸುಳ್ಳು ಹೇಳಿ ತಂದವರೂ ಅಪರಾಧಿಗಳೇ. ಇಂಥದ್ದು ನಡೆಯುತ್ತದೆ, ಎಲ್ಲ ದೇಶಗಳಲ್ಲೂ ನಡೆಯುತ್ತದೆ, ಅದಕ್ಕೆ ಕಠಿಣ ಶಿಕ್ಷೆ ಇರಲೇಬೇಕು. ನಾನು ಇವತ್ತು ಮಾತಾಡುವುದು ಉಳಿದವರ ಬಗ್ಗೆ. ಯಾರೂ ಎಳೆದು ತರದಿದ್ದರೂ ತಾವಾಗಿ ಲೆಕ್ಕ ಹಾಕಿ ಈ ಕೆಲಸಕ್ಕೆ ಬಂದ ವಯಸ್ಕರ ಬಗ್ಗೆ. ಅವರ ಮಾತನ್ನು ಕೇಳಿಸಿಕೊಳ್ಳಲು ಎರಡೂ ಗುಂಪಿನವರಿಗೆ ವ್ಯವಧಾನವಿಲ್ಲ.

ಲೆಕ್ಕ ಎಂದೆ. ಆ ಲೆಕ್ಕ ಹೇಗಿರುತ್ತದೆ ನೋಡಿ. ಪಶ್ಚಿಮ ಕೀನ್ಯಾದಲ್ಲಿ ಜೋನಾಥನ್ ರಾಬಿನ್ಸನ್ ಮತ್ತು ಈಥನ್ ಯೇ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ ಕೆಲಸದಲ್ಲಿದ್ದ ಹೆಂಗಸರಿಂದ ದಿನಚರಿ ಬರೆಸಿದರು. ಇವತ್ತು ಎಷ್ಟು ಗಿರಾಕಿಗಳು, ಎಷ್ಟು ಸಂಪಾದನೆ, ಕಾಂಡೋಮ್ ಬಳಸಿದರೋ ಇಲ್ಲವೋ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೋ, ಇಷ್ಟನ್ನು ದಿನದಿನವೂ ಬರೆಯಬೇಕಿತ್ತು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದ ದಿನ ಕಾಂಡೋಮ್ ಇಲ್ಲದ ಸಂಪರ್ಕಕ್ಕೆ ಒಪ್ಪುವುದು ಹೆಚ್ಚುತ್ತಿತ್ತು. ಅದಕ್ಕೆ ದುಡ್ಡು ಹೆಚ್ಚು ಸಿಗುತ್ತದೆ, ಅಷ್ಟೇ ಕಾರಣ. ಮೆಕ್ಸಿಕೊದಲ್ಲಿ ನಡೆದ ಇನ್ನೊಂದು ಅಧ್ಯಯನ ಈ ಹೆಚ್ಚುವರಿ ದುಡ್ಡು ಎಷ್ಟು ಎಂದೂ ಅಳೆದಿತ್ತು: ಕಾಂಡೋಮ್ ಬೇಡ ಎನ್ನುವ ಗಿರಾಕಿ ಸುಮಾರು ಶೇ 23ರಷ್ಟು ಹೆಚ್ಚು ಕೊಡುತ್ತಾನೆ.

ಈಗ ಆ ದಿನಚರಿಯ ಒಂದು ಪುಟವನ್ನು ಮನಸ್ಸಿನಲ್ಲೇ ತೆರೆಯಿರಿ. ಮಗುವಿಗೆ ಜ್ವರ ಇಳಿದಿಲ್ಲ. ಔಷಧಿಗೆ ದುಡ್ಡು ಇವತ್ತು ಸಂಜೆಯೊಳಗೆ ಬೇಕು. ಸಾಲ ಕೊಡುವವನಿಗೆ ಹಿಂದಿನದೇ ಬಾಕಿ ಇದೆ. ತಾಯಿಗೆ ಕಾಂಡೋಮಿನ ಮಹತ್ವ ಗೊತ್ತು, ರೋಗದ ಭಯವೂ ಗೊತ್ತು. ಅವಳಿಗೆ ತಿಳಿವಳಿಕೆ ಕೊಡಲು ಹೊರಟವರು ಏನು ಹೇಳಿಯಾರು? ಅವಳಿಗೆ ಕೊರತೆಯಾಗಿದ್ದದ್ದು ಕೈಯಲ್ಲಿ ಸ್ವಲ್ಪ ಉಳಿತಾಯ, ಹತ್ತಿರದಲ್ಲೊಂದು ಉಚಿತ ಚಿಕಿತ್ಸೆಯ ಆಸ್ಪತ್ರೆ.

‘ಬೇರೆ ಕೆಲಸ ಮಾಡಬಹುದಿತ್ತಲ್ಲ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಬಹಳ ಜನ ಮಾಡಿಯೇ ಬಂದಿರುತ್ತಾರೆ. ಭಾರತದ 14 ರಾಜ್ಯಗಳಲ್ಲಿ ಮೂರು ಸಾವಿರ ಲೈಂಗಿಕ ಕಾರ್ಯಕರ್ತೆಯರನ್ನು ಮಾತಾಡಿಸಿ ರೋಹಿಣಿ ಸಾಹ್ನಿ ಮತ್ತು ಕಲ್ಯಾಣ್ ಶಂಕರ್ ಒಂದು ಸಮೀಕ್ಷೆ ಮಾಡಿದರು. ಅವರಲ್ಲಿ ಸುಮಾರು ಅರ್ಧದಷ್ಟು ಹೆಂಗಸರು ಬೇರೆ ದುಡಿಮೆಯ ಅನುಭವ ಇದ್ದವರು. ಮನೆಗೆಲಸ, ಕೂಲಿ, ಸಣ್ಣಪುಟ್ಟ ಕಾರ್ಖಾನೆ ಕೆಲಸ. ಅಲ್ಲಿ ಸಂಬಳ ಸಾಲುತ್ತಿರಲಿಲ್ಲ, ಸಿಕ್ಕರೂ ಹೊತ್ತಿಗೆ ಸಿಗುತ್ತಿರಲಿಲ್ಲ. ಇನ್ನೊಂದು ಸಂಗತಿಯನ್ನು ನಾವು ಮರೆತೇಬಿಡುತ್ತೇವೆ. ಅಂಥ ಕೆಲಸಗಳಲ್ಲೂ ಮೈಮೇಲೆ ಕೈ ಹಾಕುವ ಮಾಲೀಕ, ಮೇಸ್ತ್ರಿ ಇರುತ್ತಾರೆ; ಅಲ್ಲಿ ಅದಕ್ಕೆ ದುಡ್ಡೂ ಇಲ್ಲ, ನ್ಯಾಯವೂ ಇಲ್ಲ. ದಂಧೆಯಲ್ಲಿ ದುಡ್ಡು ಅವತ್ತೇ ಕೈಗೆ ಬರುತ್ತದೆ. ಮಗು ಸ್ಕೂಲಿಗೆ ಹೋದ ಮೇಲೆ ಹೋಗಿ ಅದು ಬರುವಷ್ಟರಲ್ಲಿ ವಾಪಸಾಗಬಹುದು. ಸರ್ಟಿಫಿಕೇಟು ಯಾರೂ ಕೇಳುವುದಿಲ್ಲ. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದವಳಿಗೆ ಈ ಮೂರು ಅನುಕೂಲಗಳೂ ಇರುವ ಬೇರೆ ಕೆಲಸ ಯಾವುದಿದೆ?

ಇದು ಬಡ ದೇಶಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಇದೆ. ಅರ್ಜಿ ಹಾಕಿದ ಮೇಲೆ ಮೊದಲ ಕಂತು ಕೈಸೇರಲು ಐದು ವಾರ ಕಾಯಬೇಕು. ಆ ಐದು ವಾರ ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಮಕ್ಕಳಿಗೆ ಊಟ ಎಲ್ಲಿಂದ ಬರುತ್ತದೆ? ಈ ಕಾಯುವಿಕೆಯೇ ಹೆಂಗಸರನ್ನು ದಂಧೆಗೆ ದೂಡುತ್ತಿದೆ ಎಂಬ ದೂರುಗಳು ಎಷ್ಟು ಬಂದವೆಂದರೆ, 2019ರಲ್ಲಿ ಸಂಸತ್ತಿನ ಸಮಿತಿಯೊಂದು ಅದನ್ನೇ ವಿಷಯವಾಗಿಟ್ಟುಕೊಂಡು ವಿಚಾರಣೆ ನಡೆಸಿ ವರದಿ ಕೊಟ್ಟಿತು. ಸರ್ಕಾರದ ಒಂದು ಪಾವತಿ ನಿಯಮ ಜನರನ್ನು ಈ ಕೆಲಸಕ್ಕೆ ತರಬಲ್ಲದು ಎಂದಾದರೆ, ‘ಯಾಕೆ ಬಂದಳು’ ಎಂಬ ಪ್ರಶ್ನೆಗೆ ಉತ್ತರ ಅವಳ ನಡತೆಯಲ್ಲಿ ಹುಡುಕುವುದು ವ್ಯರ್ಥ.

ಎಲ್ಲರ ಕಾರಣವೂ ಒಂದೇ ಅಲ್ಲ. ಟ್ರಾನ್ಸ್‌ಜೆಂಡರ್ ಮಹಿಳೆಯರಿಗೆ ಮನೆಯವರೂ ಬಾಗಿಲು ಹಾಕಿರುತ್ತಾರೆ, ಕೆಲಸ ಕೊಡುವವರೂ ಹಾಕಿರುತ್ತಾರೆ. ಕಾಗದಪತ್ರವಿಲ್ಲದ ವಲಸಿಗರಿಗೆ ಬೇರೆ ಉದ್ಯೋಗಕ್ಕೆ ಅನುಮತಿಯೇ ಇರುವುದಿಲ್ಲ. ಮಾದಕ ವಸ್ತುವಿನ ಚಟಕ್ಕೆ ಬಿದ್ದು ಬಂದವರಿದ್ದಾರೆ. ಪುರುಷರೂ ಈ ಕೆಲಸದಲ್ಲಿದ್ದಾರೆ. ನಾನು ಮಾತಿನುದ್ದಕ್ಕೂ ‘ಅವಳು’ ಎನ್ನುತ್ತಿದ್ದರೂ ಅವರನ್ನು ನೀವು ಮರೆಯಬಾರದು. ಇನ್ನು ಕೆಲವರು ನೇರವಾಗಿ ಹೇಳುತ್ತಾರೆ: ನನಗೆ ಇದಕ್ಕಿಂತ ಚೆನ್ನಾಗಿ ಸಂಪಾದನೆಯಾಗುವ ಕೆಲಸ ಗೊತ್ತಿಲ್ಲ, ಇದರಲ್ಲಿ ನನಗೆ ನಾಚಿಕೆಯೂ ಇಲ್ಲ. ಅವರ ಮಾತನ್ನು ಸುಳ್ಳೆನ್ನಲು ನಾವು ಯಾರು?

‘ಹಸಿದವಳು ಮಾಡಿದ ಆಯ್ಕೆಯನ್ನು ಆಯ್ಕೆ ಅನ್ನಬಹುದೇ?’ ಇದು ಗಂಭೀರವಾದ ಆಕ್ಷೇಪ, ಅದನ್ನು ಎತ್ತುವವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಿ. ಅವಳ ಮುಂದೆ ಮೂರು ದಾರಿ ಇದ್ದವು, ಮೂರೂ ಕೆಟ್ಟವು. ಇದ್ದುದರಲ್ಲಿ ಕಡಿಮೆ ಕೆಟ್ಟದ್ದನ್ನು ಅವಳು ಹಿಡಿದಳು. ನೀವು ಬಂದು ಆ ದಾರಿಯನ್ನು ಮುಚ್ಚಿದಿರಿ. ಈಗ ಅವಳಿಗೆ ಉಳಿದದ್ದು ಇನ್ನೂ ಕೆಟ್ಟ ಎರಡು. ನಾಲ್ಕನೆಯ ದಾರಿ ತೆರೆಯುವ ಕೆಲಸ ಕಷ್ಟದ್ದು, ಖರ್ಚಿನದ್ದು. ಮೂರನೆಯದನ್ನು ಮುಚ್ಚಲು ಒಂದು ಕಾಯ್ದೆ ಸಾಕು. ಸರ್ಕಾರಗಳು ಯಾವಾಗಲೂ ಸುಲಭದ್ದನ್ನೇ ಮೊದಲು ಮಾಡಿವೆ.

ಕಾನೂನಿನ ವಿಷಯಕ್ಕೆ ಬರೋಣ. 1975ರ ಜೂನ್ 2ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಸುಮಾರು ನೂರು ಮಂದಿ ಲೈಂಗಿಕ ಕಾರ್ಯಕರ್ತೆಯರು ಸೇಂಟ್ ನಿಜಿಯೆ ಚರ್ಚಿನೊಳಗೆ ಹೋಗಿ ಕೂತರು. ಅವರ ಜೊತೆಯವರ ಕೊಲೆಗಳಾಗಿದ್ದವು. ಪೊಲೀಸರಿಗೆ ಕೊಲೆಗಾರರು ಸಿಗುತ್ತಿರಲಿಲ್ಲ. ದಂಡ ಹಾಕಲು ಮಾತ್ರ ಇವರು ದಿನಾ ಸಿಗುತ್ತಿದ್ದರು. ದಂಡ ಕಟ್ಟಲಾಗದವರಿಗೆ ಜೈಲಿನ ಬೆದರಿಕೆ. ಚರ್ಚಿನ ಹೊರಗೆ ಅವರು ಕಟ್ಟಿದ ಬ್ಯಾನರಿನಲ್ಲಿ ಇದ್ದದ್ದು: ತಮ್ಮ ತಾಯಂದಿರು ಜೈಲಿಗೆ ಹೋಗುವುದು ನಮ್ಮ ಮಕ್ಕಳಿಗೆ ಬೇಡ. ಎಂಟು ದಿನಗಳ ನಂತರ ಪೊಲೀಸರು ನುಗ್ಗಿ ಅವರನ್ನು ಹೊರಹಾಕಿದರು. ಜೂನ್ 2 ಈಗ ಲೈಂಗಿಕ ಕಾರ್ಯಕರ್ತರ ಅಂತರರಾಷ್ಟ್ರೀಯ ದಿನ. ಅವರ ದೂರನ್ನು ಗಮನಿಸಿ. ದಂಧೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಅವರು ಹೋಗಲಿಲ್ಲ. ನಮ್ಮನ್ನು ಕೊಂದವನನ್ನು ಹಿಡಿಯಬೇಕಾದ ಪೊಲೀಸರು ನಮ್ಮನ್ನೇ ಹಿಡಿಯುತ್ತಿದ್ದಾರೆ ಎಂಬುದಷ್ಟೇ ಅವರ ಮಾತಾಗಿತ್ತು.

ಅರ್ಧ ಶತಮಾನ ಕಳೆದರೂ ಬಹುಪಾಲು ಕಾನೂನುಗಳ ಸ್ಥಿತಿ ಅದೇ. ಮಾರುವುದೂ ಕೊಳ್ಳುವುದೂ ಪೂರ್ತಿ ನಿಷಿದ್ಧವಾದ ದೇಶಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಷೇಧದಿಂದ ದಂಧೆ ನಿಂತ ಉದಾಹರಣೆ ಎಲ್ಲೂ ಇಲ್ಲ. ಇನ್ನೊಂದು ಬಗೆಯ ದೇಶಗಳಿವೆ. ಅಲ್ಲಿ ದಂಧೆ ನೇರವಾಗಿ ಅಪರಾಧವಲ್ಲ, ಅದರ ಸುತ್ತಲಿನ ಎಲ್ಲವೂ ಅಪರಾಧ. ಭಾರತದ 1956ರ ಕಾಯ್ದೆ ಈ ಜಾತಿಯದ್ದು. 1986ರ ತಿದ್ದುಪಡಿಯ ನಂತರ ಅದರ ಹೆಸರು ಅನೈತಿಕ ಸಾಗಾಟ ತಡೆ ಕಾಯ್ದೆ. ಗಿರಾಕಿಯನ್ನು ಸಾರ್ವಜನಿಕವಾಗಿ ಕರೆದರೆ ಅಪರಾಧ. ಸಾರ್ವಜನಿಕ ಸ್ಥಳದಿಂದ 200 ಮೀಟರ್ ಒಳಗೆ ನಡೆಸಿದರೆ ಅಪರಾಧ. ಅವಳ ಸಂಪಾದನೆಯಲ್ಲಿ ಬದುಕುವ 18 ದಾಟಿದವರು ಅಪರಾಧಿಗಳು. ಈ ಕೊನೆಯ ಕಲಮು ತಲೆಹಿಡುಕರನ್ನು ಹಿಡಿಯಲೆಂದು ಬರೆದದ್ದು. ಓದಿ ನೋಡಿದರೆ ಕಾಲೇಜಿಗೆ ಹೋಗುವ ಅವಳ ಮಗ, ಹಾಸಿಗೆ ಹಿಡಿದ ಅವಳ ತಾಯಿ ಕೂಡ ಅದರೊಳಗೆ ಬರುತ್ತಾರೆ.

ಆ ಕಾಯ್ದೆಯ ಇನ್ನೊಂದು ಭಾಗವನ್ನು ಹತ್ತಿರದಿಂದ ನೋಡಬೇಕು. ಇಬ್ಬರು ಅಥವಾ ಹೆಚ್ಚು ಮಂದಿ ತಮ್ಮ ಪರಸ್ಪರ ಲಾಭಕ್ಕಾಗಿ ಬಳಸುವ ಮನೆ, ಕೋಣೆ, ವಾಹನ ಎಲ್ಲವೂ ಅದರ ಪ್ರಕಾರ ವೇಶ್ಯಾಗೃಹ. ಒಬ್ಬಂಟಿಯಾಗಿ ಗುರುತಿಲ್ಲದ ಗಂಡಸಿನ ಜೊತೆ ಬಾಗಿಲು ಹಾಕಿಕೊಳ್ಳುವ ಹೆಂಗಸಿಗೆ ಪಕ್ಕದ ಕೋಣೆಯಲ್ಲಿ ಒಬ್ಬ ಗೆಳತಿ ಇದ್ದಾಳೆ ಎಂಬುದಕ್ಕಿಂತ ದೊಡ್ಡ ಧೈರ್ಯ ಯಾವುದು? ಕೂಗಿದರೆ ಅವಳಿಗೆ ಕೇಳುತ್ತದೆ. ಅವಳು ಇದ್ದಾಳೆಂದು ಗಿರಾಕಿಗೂ ಗೊತ್ತಿರುತ್ತದೆ. ಕಾನೂನು ಆ ಗೆಳತಿಯನ್ನೇ ಅಪರಾಧಿ ಮಾಡಿತು. ಐರ್ಲೆಂಡಿನಲ್ಲೂ ಇದೇ ನಿಯಮ. 2019ರಲ್ಲಿ ಅಲ್ಲಿ ಒಂದೇ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ವಲಸೆ ಮಹಿಳೆಯರಿಗೆ ವೇಶ್ಯಾಗೃಹ ನಡೆಸಿದ ಆರೋಪದ ಮೇಲೆ ಒಂಬತ್ತು ತಿಂಗಳ ಜೈಲು ಶಿಕ್ಷೆಯಾಯಿತು. ಅವರಲ್ಲೊಬ್ಬಳು ಬಸುರಿ. ಅಲ್ಲಿ ಮಾಲೀಕನಿರಲಿಲ್ಲ, ದಲ್ಲಾಳಿಯಿರಲಿಲ್ಲ.

ಈ ಐರ್ಲೆಂಡ್ 2017ರಲ್ಲಿ ಸ್ವೀಡನ್ನಿನ ದಾರಿ ಹಿಡಿದ ದೇಶ. ಸ್ವೀಡನ್ 1999ರ ಜನವರಿ 1ರಿಂದ ಒಂದು ಹೊಸ ನಿಯಮ ತಂದಿತು: ಮಾರುವವಳು ಅಪರಾಧಿಯಲ್ಲ, ಕೊಳ್ಳುವವನು ಅಪರಾಧಿ. ನಾರ್ವೆ, ಐಸ್‌ಲ್ಯಾಂಡ್, ಕೆನಡಾ, ಫ್ರಾನ್ಸ್ ಒಂದೊಂದಾಗಿ ಹಿಂದೆ ಬಂದವು. ಇದರ ಹಿಂದಿನ ತರ್ಕಕ್ಕೆ ನೈತಿಕ ಬಲವಿದೆ. ಗಂಡಸಿನ ದುಡ್ಡು ಹೆಣ್ಣಿನ ದೇಹವನ್ನು ಬಾಡಿಗೆಗೆ ಪಡೆಯುವ ಸಮಾಜದಲ್ಲಿ ಸಮಾನತೆ ಹೇಗೆ ಸಾಧ್ಯ, ಬೇಡಿಕೆ ಇಲ್ಲದಿದ್ದರೆ ಕಳ್ಳಸಾಗಣೆಯೂ ಇರುವುದಿಲ್ಲ ಎನ್ನುತ್ತಾರೆ ಅವರು. ದಂಧೆಯಲ್ಲಿ ನರಕ ಕಂಡು ಹೊರಬಂದ ಎಷ್ಟೋ ಹೆಂಗಸರೂ ಈ ಕಾನೂನಿನ ಪರ ನಿಂತಿದ್ದಾರೆ. ಅವರ ನೋವು ನಿಜ, ಅದನ್ನು ಪಕ್ಕಕ್ಕೆ ಸರಿಸಿ ವಾದ ಗೆಲ್ಲುವುದು ನನಗೆ ಬೇಕಿಲ್ಲ.

ಆದರೂ ರಸ್ತೆಬದಿಯಲ್ಲಿ ಏನಾಗುತ್ತದೆಂದು ನೋಡಬೇಕು. ಕಾರೊಂದು ಬಂದು ನಿಲ್ಲುತ್ತದೆ. ಅವಳು ಕಿಟಕಿಗೆ ಬಗ್ಗಿ ಮಾತಾಡುತ್ತಾಳೆ. ಆ ಒಂದೆರಡು ನಿಮಿಷದಲ್ಲಿ ಅವಳು ಬಹಳಷ್ಟನ್ನು ಅಳೆಯಬೇಕು. ಕುಡಿದಿದ್ದಾನೆಯೇ? ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಅಡಗಿದ್ದಾನೆಯೇ? ಎಲ್ಲಿಗೆ ಕರೆದೊಯ್ಯುತ್ತಾನೆ, ಕಾಂಡೋಮಿಗೆ ಒಪ್ಪುತ್ತಾನೆಯೇ? ದೂರದಲ್ಲಿ ನಿಂತ ಗೆಳತಿ ಕಾರಿನ ನಂಬರು ಬರೆದುಕೊಳ್ಳಬೇಕು. ಕೊಳ್ಳುವುದೇ ಅಪರಾಧವಾದಾಗ ಗಿರಾಕಿ ಪೊಲೀಸರ ಕಣ್ಣಿಗೆ ಬೀಳಬಾರದೆಂದು ‘ಮೊದಲು ಹತ್ತು, ಆಮೇಲೆ ಮಾತು’ ಎನ್ನುತ್ತಾನೆ. ದೀಪವಿಲ್ಲದ ಜಾಗಕ್ಕೆ ಕರೆಯುತ್ತಾನೆ. ಹೆಸರು, ಫೋನ್ ನಂಬರು ಕೊಡಲು ಒಪ್ಪುವುದಿಲ್ಲ. ಮರ್ಯಾದಸ್ಥ ಗಿರಾಕಿಗಳು ಹೆದರಿ ದೂರವಾಗುತ್ತಾರೆ, ಕಾನೂನಿಗೆ ಹೆದರದವರು ಉಳಿಯುತ್ತಾರೆ. ಸಂಪಾದನೆ ಕಡಿಮೆಯಾದಂತೆ ಅವಳು ಬೇಡ ಅನ್ನುವ ಶಕ್ತಿಯೂ ಕಡಿಮೆಯಾಗುತ್ತದೆ. ಫ್ರಾನ್ಸ್ 2016ರಲ್ಲಿ ಈ ಕಾನೂನು ತಂದ ಎರಡು ವರ್ಷದ ಮೇಲೆ ಮೆಡ್‌ಸ್ಯಾಂ ದ್ಯು ಮೋಂದ್ ಎಂಬ ವೈದ್ಯರ ಸಂಸ್ಥೆ ಇತರರೊಡನೆ ಸೇರಿ ವಿಚಾರಿಸಿದಾಗ ಶೇ 63ರಷ್ಟು ಮಂದಿ ತಮ್ಮ ಬದುಕು ಮೊದಲಿಗಿಂತ ಹದಗೆಟ್ಟಿದೆ ಎಂದರು, ಶೇ 78ರಷ್ಟು ಮಂದಿ ಸಂಪಾದನೆ ಇಳಿದಿದೆ ಎಂದರು. ಇದನ್ನು ಪ್ರಶ್ನಿಸಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದವರು 2024ರ ಜುಲೈನಲ್ಲಿ ಸೋತರು ಎಂಬುದನ್ನೂ ಹೇಳಿಬಿಡಬೇಕು. ಇದು ಆಯಾ ದೇಶದ ಸಂಸತ್ತು ನಿರ್ಧರಿಸಬೇಕಾದ ಸಂಗತಿ ಎಂಬ ಕಡೆಗೆ ನ್ಯಾಯಾಲಯ ವಾಲಿತು.

ನಾರ್ವೆಯಲ್ಲಿ ಮನೆ ಮಾಲೀಕರ ಮೇಲೂ ಒತ್ತಡ ಬಿತ್ತು. ಬಾಡಿಗೆಗೆ ಕೊಟ್ಟರೆ ನಿಮ್ಮ ಮೇಲೂ ಕೇಸು ಎಂದು ಪೊಲೀಸರು ಹೇಳಿ ಹೆಂಗಸರನ್ನು ಮನೆಯಿಂದ ಹೊರಹಾಕಿಸಿದರು. ಓಸ್ಲೊದಲ್ಲಿ ಆ ಕಾರ್ಯಾಚರಣೆಗೆ ಇಟ್ಟ ಹೆಸರೇ ‘ಆಪರೇಷನ್ ಹೋಮ್‌ಲೆಸ್’. ರಕ್ಷಿಸಲೆಂದು ಕಾನೂನು ಬಂದ ಮೇಲೂ ಇದು ನಡೆದೇ ಇತ್ತು.

ಹಾಗಾದರೆ ಲೈಸೆನ್ಸ್ ಕೊಟ್ಟು ನಡೆಸಿದರಾಯಿತಲ್ಲ ಎನ್ನುವವರಿದ್ದಾರೆ. ಇಲ್ಲಿ ನೀವು ಎಚ್ಚರವಾಗಿರಬೇಕು. ಲೈಸೆನ್ಸ್ ಕೊಡುವುದು ಒಂದು, ಅಪರಾಧದ ಪಟ್ಟಿಯಿಂದ ತೆಗೆಯುವುದು ಇನ್ನೊಂದು. ಚರ್ಚೆಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ, ಅದರಿಂದಾಗಿ ಬೇಕಾದಷ್ಟು ಗೊಂದಲ. ಅಮೆರಿಕದ ನೆವಾಡಾ ರಾಜ್ಯದಲ್ಲಿ 1971ರಿಂದ ಕೆಲವು ಗ್ರಾಮೀಣ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಲೈಸೆನ್ಸ್ ಪಡೆದ ವೇಶ್ಯಾಗೃಹಗಳಿವೆ. ಆ ಮನೆಯೊಳಗೆ ಮಾಡಿದರೆ ಕಾನೂನುಬದ್ಧ, ಸ್ವಂತವಾಗಿ ಹೊರಗೆ ಮಾಡಿದರೆ ಜೈಲು. ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ನೆದರ್ಲೆಂಡ್ಸ್ 2000ದ ಅಕ್ಟೋಬರಿನಲ್ಲಿ ವೇಶ್ಯಾಗೃಹಗಳ ನಿಷೇಧ ತೆಗೆಯಿತು, ಪರವಾನಗಿ ಕೊಡುವ ಅಧಿಕಾರ ನಗರಸಭೆಗಳ ಕೈಗೆ ಹೋಯಿತು. ಜರ್ಮನಿ 2002ರಲ್ಲಿ ಈ ಕೆಲಸದ ಒಪ್ಪಂದಕ್ಕೆ ಕಾನೂನಿನ ಮಾನ್ಯತೆ ಕೊಟ್ಟು ಸಾಮಾಜಿಕ ವಿಮೆಯ ಬಾಗಿಲು ತೆರೆಯಿತು. ಬಂಡವಾಳಿಗರು ದೊಡ್ಡ ದೊಡ್ಡ ಮನೆಗಳನ್ನು ತೆರೆದರು, ವಿಮೆಗೆ ಹೆಸರು ಬರೆಸಿದ ಹೆಂಗಸರು ಮಾತ್ರ ತೀರಾ ಕಡಿಮೆ. 2017ರಲ್ಲಿ ನೋಂದಣಿ ಕಡ್ಡಾಯ ಮಾಡಿದರು. ಹೆಸರು ಸರ್ಕಾರಿ ದಾಖಲೆ ಸೇರಿದರೆ ನಾಳೆ ಮಕ್ಕಳಿಗೆ, ಮುಂದಿನ ಉದ್ಯೋಗಕ್ಕೆ ಏನಾಗುತ್ತದೋ ಎಂಬ ಭಯ ಯಾರಿಗಿರುವುದಿಲ್ಲ? ವಲಸಿಗರು, ಕಾಗದವಿಲ್ಲದವರು, ಮನೆಯಲ್ಲಿ ಹೇಳದೆ ಬಂದವರು ನೋಂದಣಿಯ ಆಚೆಗೇ ಉಳಿದರು. ಲೈಸೆನ್ಸ್ ಪದ್ಧತಿ ಇರುವ ಕಡೆಗಳಲ್ಲೆಲ್ಲ ಹೀಗೆ ಒಳಗಿನವರು ಒಂದು ಪಂಗಡ, ಹೊರಗಿನವರು ಇನ್ನೊಂದು ಪಂಗಡ ಆಗುತ್ತಾರೆ. ಹೆಚ್ಚು ಅಪಾಯದಲ್ಲಿರುವುದು ಹೊರಗಿನವರು.

ಕಡ್ಡಾಯದ ಮಾತು ಬಂದದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಬ್ರಿಟನ್ 1864ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಸೈನಿಕರಿಗೆ ಗುಹ್ಯರೋಗ ಹರಡದಿರಲಿ ಎಂದು, ದಂಧೆಯವಳೆಂದು ಪೊಲೀಸರಿಗೆ ಅನುಮಾನ ಬಂದ ಯಾವ ಹೆಂಗಸನ್ನಾದರೂ ಬಲವಂತದ ತಪಾಸಣೆಗೆ ಒಳಪಡಿಸಿ ಆಸ್ಪತ್ರೆಯಲ್ಲಿ ಕೂಡಿಹಾಕಬಹುದಿತ್ತು. ಸೈನಿಕರ ತಪಾಸಣೆ ಮಾತ್ರ ಇರಲಿಲ್ಲ. 1868ರಲ್ಲಿ ವಸಾಹತು ಭಾರತಕ್ಕೂ ಅದೇ ಹೆಸರಿನ ಕಾಯ್ದೆ ಬಂತು. ಜೋಸೆಫೀನ್ ಬಟ್ಲರ್ ಎಂಬಾಕೆ ವರ್ಷಗಟ್ಟಲೆ ಹೋರಾಡಿ, 1886ರಲ್ಲಿ ಬ್ರಿಟನ್ನಿನ ಕಾಯ್ದೆಗಳು ರದ್ದಾದವು. ಈಗಲೂ ‘ಲೈಸೆನ್ಸ್ ಕೊಡಿ, ವಾರಕ್ಕೊಮ್ಮೆ ಅವರ ರಕ್ತ ಪರೀಕ್ಷೆ ಮಾಡಿಸಿ’ ಎಂದು ಸಲಹೆ ಕೊಡುವವರು ಗಿರಾಕಿಯ ರಕ್ತದ ಬಗ್ಗೆ ಚಕಾರ ಎತ್ತುವುದಿಲ್ಲ. ಆರೋಗ್ಯವೇ ನಿಜವಾದ ಕಾಳಜಿ ಎಂದಾದರೆ 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಂದಾಜನ್ನು ಅವರು ನೋಡಬೇಕು: ಈ ಕೆಲಸವನ್ನು ಅಪರಾಧಮುಕ್ತ ಮಾಡಿದರೆ ಹತ್ತು ವರ್ಷಗಳಲ್ಲಿ ಲೈಂಗಿಕ ಕಾರ್ಯಕರ್ತೆಯರು ಮತ್ತು ಅವರ ಗಿರಾಕಿಗಳಲ್ಲಿ ಹೊಸ ಎಚ್‌ಐವಿ ಸೋಂಕನ್ನು ಶೇ 33ರಿಂದ 46ರಷ್ಟು ತಪ್ಪಿಸಬಹುದು. ಕಾಂಡೋಮ್ ಬ್ಯಾಗಿನಲ್ಲಿದ್ದರೆ ಪೊಲೀಸರು ಅದನ್ನೇ ಸಾಕ್ಷಿ ಮಾಡುತ್ತಾರೆಂದಾದರೆ ಯಾರು ತಾನೇ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾರೆ?

ಅಪರಾಧಮುಕ್ತ ಮಾಡಿ ನೋಡಿದ ದೇಶ ನ್ಯೂಜಿಲೆಂಡ್. 2003ರ ಜೂನ್‌ನಲ್ಲಿ ಆ ಮಸೂದೆ 59ರ ವಿರುದ್ಧ 60 ಮತಗಳಿಂದ ಪಾಸಾಯಿತು. ಒಬ್ಬರು ಮತ ಹಾಕಲಿಲ್ಲ. ಆ ದಿನ ಮಾತಾಡಿದವರಲ್ಲಿ ಜಾರ್ಜಿನಾ ಬೇಯರ್ ಇದ್ದರು. ಟ್ರಾನ್ಸ್‌ಜೆಂಡರ್ ಮಹಿಳೆಯೆಂದು ಬಹಿರಂಗವಾಗಿ ಹೇಳಿಕೊಂಡು ಸಂಸತ್ತಿಗೆ ಆಯ್ಕೆಯಾದವರಲ್ಲಿ ಜಗತ್ತಿಗೇ ಮೊದಲಿಗರು, ಹಿಂದೆ ಸ್ವತಃ ದಂಧೆ ಮಾಡಿದವರು. ಇಂಥ ಕಾನೂನು ತಮ್ಮ ಕಾಲದಲ್ಲಿ ಇದ್ದಿದ್ದರೆ, ಪೊಲೀಸರ ಹತ್ತಿರ ಹೋಗಿ, ಹೌದು ನಾನು ದಂಧೆಯವಳು, ನನ್ನ ಮೇಲೆ ಅತ್ಯಾಚಾರವಾಗಿದೆ, ಅದು ತಪ್ಪು ಎಂದು ಹೇಳಬಹುದಿತ್ತು ಎಂಬರ್ಥದ ಮಾತು ಅವರದ್ದು. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಮಾತು. ದೂರು ಕೊಡಲು ಠಾಣೆಗೆ ಹೋದವಳು ಆರೋಪಿಯಾಗಿ ಹೊರಬರದಿರಬೇಕು. ಯಾವ ಕಾನೂನು ಇದನ್ನು ಮಾಡಿಕೊಡುತ್ತದೋ ಅದು ಒಳ್ಳೆಯ ಕಾನೂನು ಎಂಬುದು ನನ್ನ ನಿಲುವು.

ಅಲ್ಲಿನ ಕಾನೂನಿನಲ್ಲಿ ನಾಲ್ವರವರೆಗೆ ಒಟ್ಟಿಗೆ, ಯಾರ ಲೈಸೆನ್ಸೂ ಬೇಡದೆ, ಸಮಾನರಾಗಿ ಕೆಲಸ ಮಾಡಬಹುದು. ಆ ಪಕ್ಕದ ಕೋಣೆಯ ಗೆಳತಿ ಅಲ್ಲಿ ಅಪರಾಧಿಯಲ್ಲ. ಒಪ್ಪಿಕೊಂಡ ಮೇಲೂ ಯಾವ ಹಂತದಲ್ಲಾದರೂ ಗಿರಾಕಿಯನ್ನು ಬೇಡವೆನ್ನುವ ಹಕ್ಕು ಕಾಯ್ದೆಯಲ್ಲೇ ಬರೆದಿದೆ. ಐದು ವರ್ಷದ ಮೇಲೆ ಪರಿಶೀಲನಾ ಸಮಿತಿ ನೋಡಿದಾಗ, ಎಲ್ಲರೂ ಹೆದರಿದ್ದ ಹಾಗೆ ದಂಧೆಗೆ ಬರುವವರ ಸಂಖ್ಯೆ ಏರಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಈಗ ಬೇಡ ಎನ್ನಲು ಮೊದಲಿಗಿಂತ ಧೈರ್ಯ ಬಂದಿದೆ ಎಂದರು. ಒಬ್ಬ ಕಾರ್ಯಕರ್ತೆ ತಾನಿದ್ದ ವೇಶ್ಯಾಗೃಹ ನಡೆಸುತ್ತಿದ್ದವನು ಲೈಂಗಿಕ ಕಿರುಕುಳ ಕೊಟ್ಟನೆಂದು ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಹೋದಳು. ‘ದಂಧೆಯವಳಿಗೆ ಎಂಥ ಕಿರುಕುಳ’ ಎಂದು ಯಾರೂ ನಗಲಿಲ್ಲ. ಅವಳಿಗೆ 25,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಬೇಕೆಂದು 2014ರಲ್ಲಿ ತೀರ್ಪಾಯಿತು. ಈ ಕಾನೂನಿನಲ್ಲೂ ಒಂದು ದೊಡ್ಡ ತೂತಿದೆ. ತಾತ್ಕಾಲಿಕ ವೀಸಾದಲ್ಲಿ ಬಂದ ವಲಸಿಗರಿಗೆ ಈ ಕೆಲಸ ಅಲ್ಲಿ ಈಗಲೂ ನಿಷಿದ್ಧ. ಹಾಗಾಗಿ ಅವರು ದೂರು ಕೊಟ್ಟರೆ ಗಡಿಪಾರಾಗುವ ಭಯ.

ಬೆಲ್ಜಿಯಂ 2022ರಲ್ಲಿ ಅಪರಾಧಮುಕ್ತ ಮಾಡಿ, 2024ರ ಡಿಸೆಂಬರ್ 1ರಿಂದ ಉದ್ಯೋಗ ಒಪ್ಪಂದದ ಹಕ್ಕನ್ನೂ ಕೊಟ್ಟಿದೆ: ಹೆರಿಗೆ ರಜೆ, ಪಿಂಚಣಿ, ಕೋಣೆಯಲ್ಲಿ ತುರ್ತು ಕರೆಗೆ ಗುಂಡಿ. ಇದು ಹೊಸದು, ಫಲ ಇನ್ನೂ ನೋಡಬೇಕು.

ನೀವು ಕೇಳಬೇಕಾದ ಕಠಿಣ ಪ್ರಶ್ನೆ ಒಂದಿದೆ: ಕಳ್ಳಸಾಗಣೆ ಹೆಚ್ಚುವುದಿಲ್ಲವೇ? 116 ದೇಶಗಳ ಮಾಹಿತಿ ಇಟ್ಟುಕೊಂಡು 2013ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ, ದಂಧೆ ಕಾನೂನುಬದ್ಧವಾದ ದೇಶಗಳಿಗೆ ಕಳ್ಳಸಾಗಣೆಯ ಒಳಹರಿವು ಸರಾಸರಿ ಹೆಚ್ಚು ವರದಿಯಾಗಿದೆ ಎಂದಿತು. ಇದನ್ನು ಅಡಗಿಸಿಡುವಂತಿಲ್ಲ. ಗುಟ್ಟಾಗಿ ನಡೆಯುವ ಅಪರಾಧದ ಲೆಕ್ಕ ಯಾವತ್ತೂ ಪಕ್ಕಾ ಇರುವುದಿಲ್ಲ ಎಂದು ಆ ಲೇಖಕರೇ ಎಚ್ಚರಿಸಿದ್ದಾರೆ. ಜರ್ಮನಿಯ ದೊಡ್ಡ ಮನೆಗಳನ್ನೂ ನ್ಯೂಜಿಲೆಂಡಿನ ನಾಲ್ವರ ಮನೆಯನ್ನೂ ಒಂದೇ ಗುಂಪಿಗೆ ಹಾಕಿ ಎಣಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೂ ಕಷ್ಟ. ಇನ್ನೊಂದು ಕಡೆ ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯ ಇದೆ. ಕಾಯ್ದೆಯಲ್ಲಿದ್ದ ಒಂದು ಲೋಪದಿಂದಾಗಿ 2003ರಿಂದ 2009ರವರೆಗೆ ನಾಲ್ಕು ಗೋಡೆಗಳೊಳಗಿನ ದಂಧೆ ಅಲ್ಲಿ ಅಪರಾಧವಾಗಿರಲಿಲ್ಲ. ಆ ಅವಧಿಯಲ್ಲಿ ಇಡೀ ರಾಜ್ಯದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು ಸುಮಾರು ಶೇ 30ರಷ್ಟು, ಹೆಂಗಸರಲ್ಲಿ ಗೊನೊರಿಯಾ ಎಂಬ ಗುಹ್ಯರೋಗದ ಸೋಂಕು ಸುಮಾರು ಶೇ 40ರಷ್ಟು ಇಳಿದವೆಂದು ಸ್ಕಾಟ್ ಕನಿಂಗ್‌ಹ್ಯಾಮ್ ಮತ್ತು ಮನಿಷಾ ಶಾ ತೋರಿಸಿದರು. ನನಗೆ ತೋಚುವುದು ಇಷ್ಟು: ಕಳ್ಳಸಾಗಣೆಗೆ ಸಿಕ್ಕವಳನ್ನು ಮೊದಲು ಗುರುತಿಸುವವರು ಪಕ್ಕದಲ್ಲಿ ಕೆಲಸ ಮಾಡುವ ಹೆಂಗಸರು. ಕೆಲವೊಮ್ಮೆ ಗಿರಾಕಿಯೇ. ಇಬ್ಬರೂ ಪೊಲೀಸರಿಗೆ ಹೆದರುವವರಾದರೆ ಅವಳ ಸುದ್ದಿ ಹೊರಗೆ ಬರುವುದು ಹೇಗೆ?

ಭಾರತದ ಸುಪ್ರೀಂ ಕೋರ್ಟ್ 2022ರ ಮೇ 19ರ ಆದೇಶದಲ್ಲಿ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆ ಇಟ್ಟಿದೆ. ಘನತೆಯಿಂದ ಬದುಕುವ ಹಕ್ಕು ಇವರಿಗೂ ಇದೆ ಎಂದಿತು. ಸ್ವಇಚ್ಛೆಯಿಂದ ಈ ಕೆಲಸದಲ್ಲಿರುವ ವಯಸ್ಕರನ್ನು ದಾಳಿಯ ವೇಳೆ ಬಂಧಿಸಬಾರದು, ದಂಡಿಸಬಾರದು. ತಾಯಿ ಈ ಕೆಲಸದಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಬೇರ್ಪಡಿಸಬಾರದು. ಮಾಧ್ಯಮಗಳು ಅವರ ಮುಖ, ಹೆಸರು ತೋರಿಸಬಾರದು. 1956ರ ಕಾಯ್ದೆ ಹಾಗೇ ಇದೆ. ಆದೇಶ ಠಾಣೆಯವರೆಗೆ ತಲುಪಿದೆಯೇ ಎಂಬುದು ದಾಳಿಯ ಸುದ್ದಿಗಳಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡ ಹೆಂಗಸರನ್ನು ಕ್ಯಾಮೆರಾ ಅಟ್ಟಿಸಿಕೊಂಡು ಹೋಗುವಾಗ ನಿಮಗೇ ಗೊತ್ತಾಗುತ್ತದೆ.

ಕೊನೆಗೆ, ಬಿಡುವ ಮಾತು. ಎರಡೂ ಗುಂಪಿನವರು ಅವಳು ಇದನ್ನು ಬಿಡಲಿ ಎನ್ನುತ್ತಾರೆ. ಬಿಡಬೇಕೆಂದಿರುವವರು ಬಹಳ ಮಂದಿ ಇದ್ದಾರೆ, ಅವರಿಗೆ ದಾರಿ ಮಾಡಿಕೊಡಲೇಬೇಕು. ಪುನರ್ವಸತಿ ಎಂದರೆ ಹೊಲಿಗೆ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುವುದಲ್ಲ. ಒಂದು ತಿಂಗಳ ಹೊಲಿಗೆಯಿಂದ ಮೊದಲಿನ ಒಂದು ವಾರದ ಸಂಪಾದನೆಯೂ ಬರದಿದ್ದರೆ ಅವಳು ವಾಪಸ್ ಹೋಗುತ್ತಾಳೆ, ಆಗ ನಾವು ‘ಅವರು ಸುಧಾರಿಸುವುದಿಲ್ಲ’ ಎನ್ನುತ್ತೇವೆ. ಬಿಡಲು ಬೇಕಾದದ್ದು ಸಾಲ ತೀರುವ ವ್ಯವಸ್ಥೆ, ಬಾಡಿಗೆಗೆ ಮನೆ, ಮಕ್ಕಳ ಶಾಲೆ, ಬದುಕಲು ಸಾಲುವ ಸಂಬಳ. ಜೊತೆಗೆ ಹಳೆಯ ಕೇಸುಗಳಿಂದ ಬಿಡುಗಡೆ. ಬ್ರಿಟನ್ನಿನಲ್ಲಿ ಹದಿಹರೆಯದಲ್ಲಿ ರಸ್ತೆಬದಿ ನಿಂತದ್ದಕ್ಕೆ ಶಿಕ್ಷೆಯಾದ ಹೆಂಗಸರು, ದಂಧೆ ಬಿಟ್ಟು ದಶಕಗಳಾದ ಮೇಲೂ ಮಕ್ಕಳ, ಮುದುಕರ ಆರೈಕೆಯ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಆ ದಾಖಲೆ ಉದ್ಯೋಗದಾತರ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಅವರು ಹೈಕೋರ್ಟಿಗೆ ಹೋದರು. ಹೀಗೆ ಬಹಿರಂಗ ಮಾಡುವುದು ಅನ್ಯಾಯ ಎಂದು 2018ರಲ್ಲಿ ತೀರ್ಪು ಬಂತು.

ನ್ಯೂಜಿಲೆಂಡಿನ ಕಾಯ್ದೆಯಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಕಲಮು ಇದೆ. ಸಾಮಾನ್ಯವಾಗಿ ಅಲ್ಲಿ ಕೆಲಸವನ್ನು ತಾನಾಗಿ ಬಿಟ್ಟವರಿಗೆ ಸರ್ಕಾರದ ನೆರವು ಕೂಡಲೇ ಸಿಗುವುದಿಲ್ಲ, ಕೆಲವು ವಾರ ಕಾಯಿಸುತ್ತಾರೆ. ಲೈಂಗಿಕ ವೃತ್ತಿಯನ್ನು ಬಿಟ್ಟು ಬಂದವರಿಗೆ ಆ ಕಾಯಿಸುವಿಕೆ ಇಲ್ಲ. ಈ ಕೆಲಸ ಮಾಡಲಾರೆ ಎಂದವರ ನೆರವನ್ನು ಆ ಕಾರಣಕ್ಕೆ ಕಡಿತ ಮಾಡುವಂತೆಯೂ ಇಲ್ಲ. ಇವತ್ತು ಬಿಟ್ಟರೆ ಇವತ್ತೇ ಹೋಗಿ ಅರ್ಜಿ ಹಾಕಬಹುದು.